ಸೋಡಾ ರುಚಿ ನೋಡುವವಳ ಹಲ್ಲು

ನನ್ನ ಹೆಂಡತಿಯ ನಾಲಿಗೆ ಎಂಥದ್ದು ಅಂತ ಪೆಟ್ಟು ತಿಂದ ನನಗೆ ಚೆನ್ನಾಗಿ ಗೊತ್ತು. ಅದೇ ನಾಲಿಗೆಗೆ ಸೋಡಾ ಫ್ಯಾಕ್ಟರಿಯವರು ಬಹಳ ವರ್ಷದಿಂದ ಸಂಬಳ ಕೊಡ್ತಿದ್ದಾರೆ, ಅದು ಬೇರೆ ಮಾತು. ನಿಂಬೆ ಸೋಡಾದ ಪ್ರತಿ ತೊಟ್ಟಿಯಿಂದಲೂ ಒಂದು ಲೋಟ ಅವಳ ಮುಂದೆ ಬರಬೇಕು. ಅವಳು "ಹೂಂ" ಅಂದ ಮೇಲೇ ಅದು ಬಾಟಲಿಗೆ. ಸಕ್ಕರೆ ಒಂಚೂರು ಹೆಚ್ಚಾದರೂ ಮುಖ ಸಿಂಡರಿಸ್ತಾಳೆ. ಅಲ್ಲಿ ಎಲ್ಲರೂ ಅವಳನ್ನ ಜಡ್ಜಮ್ಮ ಅಂತಲೇ ಕರೆಯೋದು.

ನಾನು ದರ್ಜಿ. ಫ್ಯಾಕ್ಟರಿ ಎದುರಿಗೇ ನನ್ನ ಅಂಗಡಿ. ಸಂಜೆ ಬಂದು ನನ್ನ ಪಕ್ಕ ಗುಂಡಿ ಹೊಲಿಯೋಕೆ ಕೂರ್ತಾಳೆ. ಕತ್ತರಿ ಕೈಗೆಟುಕುವ ಹಾಗೇ ಇದ್ದರೂ ಇವಳಿಗೆ ದಾರ ಹಲ್ಲಲ್ಲೇ ಕಚ್ಚಬೇಕು. ಒಂದಿನ ಹಾಗೆ ಕಚ್ಚಿದವಳು "ಅಯ್ಯಮ್ಮಾ!" ಅಂತ ಕೆನ್ನೆ ಹಿಡಿದುಕೊಂಡಳು. ಬಾಯಿ ತೆಗೆಸಿ ನೋಡಿದೆ. ಮುಂದಿನ ಹಲ್ಲುಗಳ ಅಂಚು ಸವೆದು ಗಾಜಿನ ಚೂರಿನಂತಾಗಿತ್ತು. ಮಾರನೇ ದಿನವೇ ಆಸ್ಪತ್ರೆಗೆ ಕರಕೊಂಡು ಹೋದೆ.

"ರುಚಿ ನೋಡಿದ ಮೇಲೆ ಏನು ಮಾಡ್ತೀರಾ?" ಅಂತ ಹಲ್ಲಿನ ಡಾಕ್ಟರಮ್ಮ ಕೇಳಿದರು.

"ತಕ್ಷಣ ಬ್ರಷ್ ಮಾಡ್ತೀನಿ! ಹಿಂದಿನ ತೊಟ್ಟಿ ರುಚಿ ಬಾಯಲ್ಲಿ ಉಳೀಬಾರದಲ್ಲ." ಏನೋ ಬಹುಮಾನ ಕೊಡ್ತಾರೆ ಅನ್ನೋ ಗತ್ತು ಅವಳದು.

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಹುಳಿ ತಾಗಿದ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತೆ ತಾಯಿ. ಆಗಲೇ ಉಜ್ಜಿದರೆ ಕೆರೆದು ತೆಗೆದ ಹಾಗೆ. ಬರೀ ನೀರಲ್ಲಿ ಮುಕ್ಕಳಿಸಿ. ಆದರೂ ದಿನಾ ಇಷ್ಟು ಹುಳಿ ತಾಗಿದರೆ ಈ ಹಲ್ಲು ಬಾಳಲ್ಲ. ಕೆಲಸ ಬಿಡಿ. ಇಲ್ಲಾಂದ್ರೆ ಸೋಡಾಕ್ಕೇ ಕ್ಯಾಲ್ಸಿಯಂ ಹಾಕಿಸಿ. ಹುಳಿ ಹಲ್ಲಿಂದ ಎಳಕೊಳ್ಳೋದು ಅದನ್ನೇ. ಸೋಡಾದಲ್ಲೇ ಸಾಕಷ್ಟಿದ್ದರೆ ಹಲ್ಲಿನ ತಂಟೆಗೆ ಬರೋದು ಕಮ್ಮಿ."

ಹೊಟ್ಟೆ ತುಂಬಿದ ಬೆಕ್ಕು ಹಾಲಿನ ಪಾತ್ರೆ ಹತ್ತಿರ ಸುಳಿಯೋದು ಕಮ್ಮಿಯಲ್ವೇ, ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ. ಇವಳ ಕಿವಿಗೆ ಬಿದ್ದದ್ದು ಮಾತ್ರ "ಕೆಲಸ ಬಿಡಿ" ಅನ್ನೋದೊಂದೇ. ಮನೆಗೆ ಬಂದು ಗೊಳೋ ಅಂತ ಅತ್ತಳು. "ಮನೇಲಿ ಕೂತು ಏನು ಮಾಡ್ಲಿ? ನಿಮ್ಮ ಮುಖ ನೋಡ್ಲಾ?"

ಫ್ಯಾಕ್ಟರಿ ಮಾಲೀಕರು ಕೆಟ್ಟವರಲ್ಲ. "ಕ್ಯಾಲ್ಸಿಯಂ ಹಾಕೋಣ. ಆದರೆ ರುಚಿ ಬದಲಾದರೆ ಗಿರಾಕಿಗಳು ಕೈಬಿಡ್ತಾರೆ. ಹಳೇದರ ಜೊತೆ ಇಟ್ಟಾಗ ಹೊಸದು ಯಾವುದು ಅಂತ ಜಡ್ಜಮ್ಮನಿಗೇ ಗೊತ್ತಾಗದಿದ್ದರೆ ಮಾತ್ರ," ಅಂದರು. ನೋಡಿ ತಮಾಷೆ! ಇವಳ ಕೆಲಸ ಉಳೀಬೇಕಾದರೆ ಇವಳೇ ಸೋಲಬೇಕು.

"ಗೊತ್ತಾದರೂ ಗೊತ್ತಾಗಲಿಲ್ಲ ಅಂದುಬಿಡೇ," ಅಂದೆ.

ಅಬ್ಬಬ್ಬಾ, ಸುಟ್ಟುಬಿಡೋ ಹಾಗೆ ನೋಡಿದಳು. "ನೀವು ಟೇಪು ಹಿಡಿದು ಸುಳ್ಳು ಅಳತೆ ಹೇಳ್ತೀರಾ? ಬಾಯಿ ಮುಚ್ಚಿಕೊಂಡು ಹೊಲೀರಿ."

ಮೊದಲ ಸಲ ಲೋಟ ತುಟಿಗಿಟ್ಟವಳೇ, "ಸೀಮೆಸುಣ್ಣ ನೆಕ್ಕಿದ ಹಾಗಿದೆ, ಇದೇ ಹೊಸದು," ಅಂದುಬಿಟ್ಟಳು. ಮುಂದಿನ ಸಲವೂ ಕಂಡುಹಿಡಿದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳೋ ಹೆಂಗಸನ್ನ ಕಟ್ಟಿಕೊಂಡೆನಲ್ಲ ಅಂತ ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಫ್ಯಾಕ್ಟರೀಲಿ ಸೋಡಾ ಬೆರೆಸೋ ಲ್ಯಾಬಿನ ಹುಡುಗಿಯೂ ಹಠಮಾರಿ. ಕ್ಯಾಲ್ಸಿಯಂ ಕಮ್ಮಿ ಮಾಡಿದರೆ ಹಲ್ಲಿಗೆ ಉಪಯೋಗವಿಲ್ಲ ಅಂತ, ಬೇರೆ ಥರದ ಕ್ಯಾಲ್ಸಿಯಂ ತರಿಸಿ ಮತ್ತೆ ಕಲಸಿದಳು. "ಇದೇ ಕೊನೆ," ಅಂದರು ಮಾಲೀಕರು.

ಆ ದಿನ ಊಟದ ಡಬ್ಬಿ ಕೊಡೋ ನೆಪದಲ್ಲಿ ನಾನೂ ಬಾಗಿಲಲ್ಲಿ ನಿಂತೆ. ಮೇಜಿನ ಮೇಲೆ ಮೂರು ಲೋಟ, ಅದರಲ್ಲಿ ಒಂದು ಹೊಸದು. ಇವಳು ಕಣ್ಣು ಮುಚ್ಚಿ ಒಂದೊಂದೇ ಗುಟುಕು ನೋಡಿ ನಡುವಿನದಕ್ಕೆ ಬೆರಳು ಮಾಡಿದಳು. "ಇದೇ. ಅನುಮಾನವೇ ಇಲ್ಲ."

"ಅದು ಹಳೇದು," ಅಂದಳು ಲ್ಯಾಬಿನ ಹುಡುಗಿ.

"ಸಾಧ್ಯವೇ ಇಲ್ಲ! ಮತ್ತೆ ಇಡಿ." ಮತ್ತೆ ಇಟ್ಟರು. ಮತ್ತೆ ತಪ್ಪಿದಳು. ಮುಖ ಬಾಡಿಹೋಯಿತು. ಆ ಮೇಜಿನ ಮುಂದೆ ಅವಳು ತಪ್ಪಿದ್ದನ್ನ ಯಾರೂ ನೋಡಿರಲಿಲ್ಲ. ಅತ್ತೇಬಿಡ್ತಾಳೆ ಅಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತ ನನ್ನನ್ನ ನೋಡಿದಳು, ನಕ್ಕಳು. ಆ ಸವೆದ ಹಲ್ಲೆಲ್ಲ ಕಾಣೋ ಹಾಗೆ ನಕ್ಕಳು.

"ಗೊತ್ತಾಗಲಿಲ್ಲ ಕಣ್ರೀ! ನಿಜವಾಗ್ಲೂ ಗೊತ್ತಾಗಲಿಲ್ಲ!"

ಎಲ್ಲರೆದುರೇ ಕಣ್ಣೊರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.

ಈಗ ಬಾಟಲಿಗೆ ಹೋಗೋದು ಆ ಹೊಸ ಸೋಡಾನೇ. ಹೋದ ಹಲ್ಲಿನಂಚು ವಾಪಸ್ ಬರಲಿಲ್ಲ, ಉಳಿದದ್ದು ಉಳಿದಿದೆ. ಜಡ್ಜಮ್ಮ ಈಗಲೂ ಕೆಲಸಕ್ಕೆ ಹೋಗ್ತಾಳೆ, ಸಂಜೆ ಗುಂಡಿ ಹೊಲೀತಾಳೆ. ದಾರ ಬಾಯಿಯ ಕಡೆ ಹೊರಟ ಕೂಡಲೇ "ಕತ್ತರಿ!" ಅಂತ ಗದರ್ತೀನಿ. ಗೊಣಗಿಕೊಂಡೇ ಕತ್ತರಿ ತಗೋತಾಳೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಕೇಳೋ ನನ್ನ ಮಾತು ಅದೊಂದೇ, ನನಗೆ ಅಷ್ಟು ಸಾಕು.