ಹುಕ್ಕೇರಿಯ ಬೇಸಿಗೆಯಲ್ಲಿ ಯುರೋಪು

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಮೂಡಲಗಿಯಲ್ಲಿ ಅಪ್ಪನಿಗೆ ಬಟ್ಟೆ ಅಂಗಡಿ ಇತ್ತು. ನಮ್ಮದು ಜೈನರ ಮನೆ; ಗಿರಾಕಿಗಳ ಜೊತೆ ಕನ್ನಡ, ಅಡುಗೆಮನೆಯಲ್ಲಿ ಅರ್ಧ ಮರಾಠಿ. ನಮ್ಮ ಓಣಿಯಿಂದ ಬಸ್ಸು ಹತ್ತಿ ಗೋಕಾಕದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಅಪ್ಪ ಅದನ್ನು ತಡೆಯಲಿಲ್ಲ. ಬಂದ ಗಿರಾಕಿಗಳಿಗೆ, ಅವರು ಕೇಳದಿದ್ದರೂ, ಹೇಳುತ್ತಿದ್ದರು, ನಮ್ಮ ಮಗಳು ಇಂಗ್ಲಿಷಿನಲ್ಲಿ ಇತಿಹಾಸ ಓದುತ್ತಾಳೆ ಅಂತ.

ಬಿ.ಎ. ಮೊದಲ ವರ್ಷ ಗೋಕಾಕದಲ್ಲೇ ಮುಗಿಯಿತು. ಮುಂದೆ ಯುರೋಪಿನ ಇತಿಹಾಸವನ್ನು ವಿಶೇಷ ವಿಷಯವಾಗಿ ಓದಬೇಕಾದರೆ ಧಾರವಾಡಕ್ಕೆ ಹೋಗಬೇಕಿತ್ತು. ಅಲ್ಲಿಯ ಪ್ರಾಧ್ಯಾಪಕರು ಬಲು ಕಟ್ಟುನಿಟ್ಟು, ಜೂನಿನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳಿಯೇ ಆ ತರಗತಿಗೆ ತೆಗೆದುಕೊಳ್ಳುತ್ತಾರೆ ಎಂದು ನಮ್ಮ ಕಾಲೇಜಿನಲ್ಲಿ ಹೇಳಿದ್ದರು. ನಾನು ಹೆದರಿದೆ. ಫ್ರಾನ್ಸಿನ ಕ್ರಾಂತಿಯ ಬಗ್ಗೆ ನನಗೆ ತಿಳಿದಿದ್ದು ಪಠ್ಯಪುಸ್ತಕದ ಒಂದು ಅಧ್ಯಾಯ ಮಾತ್ರ. ಮೂಡಲಗಿಯಲ್ಲಿ ಅದಕ್ಕಿಂತ ಹೆಚ್ಚಿನದು ಯಾರ ಬಳಿಯೂ ಇರಲಿಲ್ಲ.

ಅವ್ವನ ಅಣ್ಣ, ನನ್ನ ಮಾಮಾ, ಹುಕ್ಕೇರಿಯಲ್ಲಿ ವಕೀಲರು. ಅವರ ಮನೆಯ ಪಡಸಾಲೆಯಲ್ಲಿ ಎರಡು ಕಪಾಟು ತುಂಬ ಪುಸ್ತಕಗಳಿದ್ದವು. ಕಾನೂನಿನವು ಒಂದರಲ್ಲಿ, ಇತಿಹಾಸದವು ಇನ್ನೊಂದರಲ್ಲಿ. ಬೇಸಿಗೆಯಲ್ಲಿ ಕೋರ್ಟಿಗೂ ರಜೆ. ಮಾಮಾನ ಮಗ ನನ್ನ ಓರಗೆಯವನು, ಬೆಳಗಾವಿಯಲ್ಲಿ ಮೊದಲ ವರ್ಷ ಮುಗಿಸಿದ್ದ; ಅವನೂ ಧಾರವಾಡದಲ್ಲಿ ಅದೇ ತರಗತಿಗೆ ಸೇರುವವನಿದ್ದ. ಇಬ್ಬರೂ ಕೂಡಿ ಓದಲಿ, ನಾನು ಕಲಿಸುತ್ತೇನೆ ಎಂದು ಮಾಮಾ ಹೇಳಿ ಕಳಿಸಿದರು. ಅವ್ವ ನನ್ನ ಟ್ರಂಕಿನಲ್ಲಿ ತನ್ನ ಇಳಕಲ್ ಸೀರೆಗಳನ್ನೂ ಇಟ್ಟಳು. ಓದಲು ಹೋಗುವವಳಿಗೆ ಇವೆಲ್ಲ ಯಾಕೆ ಎಂದು ಕೇಳಿದ್ದಕ್ಕೆ, ತವರುಮನೆಯಲ್ಲಿ ನನ್ನ ಮಗಳು ಬಡವರ ಹಾಗೆ ಕಾಣಬಾರದು ಎಂದಳು.

ಮಾಮಾನಂಥ ಶಿಕ್ಷಕರನ್ನು ನಾನು ಅದಕ್ಕಿಂತ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ಇವತ್ತಿಗೂ ನನಗೆ ಕಷ್ಟ. ಬೆಳಗಿನ ನಾಷ್ಟಾ ಮುಗಿದ ಮೇಲೆ ಪಡಸಾಲೆಯ ಜಮಖಾನೆಯ ಮೇಲೆ ಯುರೋಪಿನ ದೊಡ್ಡ ನಕಾಶೆ ಹರವಿ, ನಾಲ್ಕು ಮೂಲೆಗೆ ನಾಲ್ಕು ಕಾನೂನಿನ ಪುಸ್ತಕ ಇಟ್ಟು ಕೂರುತ್ತಿದ್ದರು. ಯಾವುದನ್ನೂ ಬಾಯಿಪಾಠ ಮಾಡಿಸಲಿಲ್ಲ. ಸೋತ ಚಕ್ರವರ್ತಿಯನ್ನು ದ್ವೀಪಕ್ಕೆ ಅಟ್ಟಿದ ಮೇಲೆ ಗೆದ್ದ ರಾಜರೆಲ್ಲ ವಿಯೆನ್ನಾದಲ್ಲಿ ಸೇರಿದರಲ್ಲ, ಅದನ್ನು ಓದಿಸಿ, ಪುಸ್ತಕ ಮುಚ್ಚಿಸಿ, ಈಗ ನೀನು ಆಸ್ಟ್ರಿಯದ ಮಂತ್ರಿ, ಮಾತಾಡು ಎನ್ನುತ್ತಿದ್ದರು. ನಾನು ತಪ್ಪು ಹೇಳಿದರೆ ಎದುರು ಪಕ್ಷದ ವಕೀಲರಂತೆ ಅಡ್ಡಪ್ರಶ್ನೆ ಹಾಕುತ್ತಿದ್ದರು. ಸರಿ ಹೇಳಿದರೆ ಏನೂ ಹೇಳದೆ ಅಡಿಕೆ ಕತ್ತರಿಸುತ್ತ ಕೂರುತ್ತಿದ್ದರು. ಅವರು ಸುಮ್ಮನಿದ್ದರೆ ನನಗೆ ಹಬ್ಬ.

ಅವರ ಮಗನಿಗೆ ಓದು ಒಗ್ಗುತ್ತಿರಲಿಲ್ಲ. ದಡ್ಡನಲ್ಲ, ಕೆಟ್ಟವನಂತೂ ಅಲ್ಲವೇ ಅಲ್ಲ. ಅಚ್ಚಾದ ಪುಟದ ಮುಂದೆ ಕೂತರೆ ಅವನ ಕಣ್ಣು ಹೊರಗಿನ ಬೇವಿನ ಗಿಡಕ್ಕೆ ಹೋಗುತ್ತಿತ್ತು. ಆದರೆ ಬಾಯಿಮಾತಿನಲ್ಲಿ ಹೇಳಿದ್ದು ಒಂದಕ್ಷರ ಬಿಡದೆ ನೆನಪಿರುತ್ತಿತ್ತು. ಅದು ಗೊತ್ತಾದ ಮೇಲೆ ಮಧ್ಯಾಹ್ನ ನಾನೇ ಅವನಿಗೆ ಎಲ್ಲವನ್ನೂ ಕಥೆಯಂತೆ ಕನ್ನಡದಲ್ಲಿ ಹೇಳತೊಡಗಿದೆ. ರೊಟ್ಟಿಗೆ ಗತಿಯಿಲ್ಲದ ಪ್ಯಾರಿಸಿನ ಹೆಂಗಸರು ಮಳೆಯಲ್ಲಿ ನಡೆದುಕೊಂಡು ಹೋಗಿ ಅರಮನೆಯ ಬಾಗಿಲಲ್ಲಿ ನಿಂತದ್ದು, ಪೋಲೆಂಡನ್ನು ಮೂರು ಮನೆತನದವರು ಹೊಲ ಪಾಲು ಮಾಡಿಕೊಂಡ ಹಾಗೆ ಪಾಲು ಮಾಡಿಕೊಂಡದ್ದು. ಹೊಲದಲ್ಲಿ ದುಡಿಯುವವರನ್ನು ಯಾರೂ ಕೇಳಲಿಲ್ಲವೇ ಎಂದು ಅವನು ಕೇಳಿದ. ಇಲ್ಲ ಎಂದೆ. ಅದನ್ನು ಅವನು ಬಹಳ ಹೊತ್ತು ಯೋಚಿಸುತ್ತಿದ್ದ.

ನಾನು ಕಥೆ ಹೇಳುವಾಗ ಕೈ ಖಾಲಿ ಇರುತ್ತಿರಲಿಲ್ಲ. ಬೇಸಿಗೆಯೆಂದರೆ ಶ್ಯಾವಿಗೆ, ಸಂಡಿಗೆ, ಹಪ್ಪಳದ ಕಾಲ. ಮಾಮಿ ನಾದಿದ ಗೋಧಿ ಹಿಟ್ಟಿನ ಮುದ್ದೆಯನ್ನು ನನ್ನ ಮುಂದಿಡುತ್ತಿದ್ದರು; ನಾನು ಮಣೆಯ ಮೇಲೆ ಹಿಟ್ಟು ತಿಕ್ಕಿ ಎಳೆ ತೆಗೆಯುತ್ತ ಜರ್ಮನಿ ಒಂದಾದ ಬಗೆಯನ್ನು ಹೇಳುತ್ತಿದ್ದೆ. ಎಳೆ ಕಡಿದರೆ ಮಾಮಿ ಬಂದು ತಿದ್ದುತ್ತಿದ್ದರು. ಆಗಾಗ ಆ ಓಣಿಯ ಹಿರಿಯ ಹೆಂಗಸರು ಬಂದು ಕೂರುತ್ತಿದ್ದರು. ನನಗೆ ನೀರು ತರಲು ಹೇಳಿ, ನಾನು ನಡೆದು ಬರುವುದನ್ನು ನೋಡುತ್ತಿದ್ದರು. ಒಬ್ಬರು ನನ್ನ ಜಡೆ ಹಿಡಿದು ತೂಗಿ ನೋಡಿದರು. ಹಳೆಯ ಕಾಲದವರು, ಪ್ರೀತಿ ತೋರಿಸುವ ರೀತಿ ಇದು ಎಂದುಕೊಂಡೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ. ಊಟವಾದ ಮೇಲೆ ಮಾಮಾ ಮಾಳಿಗೆಯ ಮೇಲೆ ಕೂತು ಆ ದಿನದ ಓದಿನ ಬಗ್ಗೆ ನನ್ನ ಜೊತೆ ವಾದ ಮಾಡುತ್ತಿದ್ದರು. ಒಂದು ಸಂಜೆ, ಧಾರವಾಡದವರು ನಿನ್ನನ್ನು ಸೋಲಿಸುವುದು ಕಷ್ಟ ಎಂದರು. ಅಷ್ಟೇ ಹೇಳಿದ್ದು. ಆ ಖುಷಿಗೆ ನಾನು ಇಡೀ ವಾರ ಹಸಿವಿಲ್ಲದೆ ಓಡಾಡಿದೆ.

ಮೇ ಕೊನೆಯಲ್ಲಿ ಅಪ್ಪ, ಅವ್ವ ಇಬ್ಬರೂ ನನ್ನನ್ನು ಕರೆದೊಯ್ಯಲು ಬಂದರು. ಅಪ್ಪ ಹೊಸ ಧೋತರ ಉಟ್ಟಿದ್ದರು. ಊಟಕ್ಕೆ ಹೋಳಿಗೆ ಮಾಡಿದ್ದರು. ಊಟವಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತಾಗ ಮಾಮಾ ನನ್ನನ್ನು ಕರೆದು ಜಮಖಾನೆಯ ಮೇಲೆ ಕೂರಿಸಿದರು. ಓದಿನ ಬಗ್ಗೆ ಅಪ್ಪನ ಮುಂದೆ ಏನಾದರೂ ಪ್ರಶ್ನೆ ಕೇಳುತ್ತಾರೆ ಎಂದುಕೊಂಡು ನಾನು ಮನಸ್ಸಿನಲ್ಲೇ ಇಟಲಿಯ ಭಾಗವನ್ನು ಸರಿಮಾಡಿಕೊಂಡೆ.

ಮಾಮಾ ಅಪ್ಪನ ಕಡೆ ತಿರುಗಿ ಹೇಳಿದರು: “ನೋಡ್ರಿ, ಎರಡು ತಿಂಗಳು ನನ್ನ ಕಣ್ಣ ಮುಂದ ಇದ್ದಾಳ. ಹೆಸರ ಇಡಾಂಗಿಲ್ಲ, ಹುಷಾರ್ ಹುಡುಗಿ. ಮನಿಯಾಕಿಗೂ ಮನಸ್ಸಿಗೆ ಬಂದಾಳ. ನಮ್ಮ ಹುಡುಗಗ ಹಿಂಥಾಕೀನೇ ಬೇಕು. ಈ ಮಳಗಾಲದಾಗ ಮುಗಿಸಿಬಿಡೋಣು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಸಂತೋಷಕ್ಕೆ. ಅಪ್ಪ ತಲೆಯಾಡಿಸುತ್ತಿದ್ದರು.

“ನನ್ನ ಕಾಲೇಜರೀ ಮಾಮಾ?” ಎಂದೆ.

“ಅವ ಹೋಗತಾನಲ್ಲ ಧಾರವಾಡಕ್ಕ,” ಎಂದರು ಮಾಮಾ, ಬಹಳ ಮೃದುವಾಗಿ. “ರಜಾದಾಗ ಬಂದಾಗ ನೀ ಅವಗ ಹೇಳಿ ಕೊಡು. ನೀ ಹೇಳಿದ್ದಷ್ಟ ಅವನ ತಲಿಯಾಗ ಇಳೀತೈತಿ. ನಿನಗ ಓದಬೇಕಂದ್ರ ಈ ಕಪಾಟ ನಿಂದ. ಕಲಸಾಕ ನಾ ಅದೀನಿ.”

ಅವರು ಮೋಸದ ಮಾತಾಡುತ್ತಿರಲಿಲ್ಲ. ನನಗೆ ದೊಡ್ಡದೊಂದನ್ನು ಕೊಡುತ್ತಿದ್ದೇನೆ ಎಂದೇ ನಂಬಿದ್ದರು. ಅದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಅವರ ಮಗನ ಕಡೆ ನೋಡಿದೆ. ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಅವನು ಜಮಖಾನೆಯ ಅಂಚನ್ನು ನೋಡುತ್ತ ಹೇಳಿದ, “ಹೂಂ. ಯುಗಾದಿಯಾಗ ಮಾತ ಆಗಿತ್ತು. ನಿನಗ ಹೇಳಿರತಾರ ಅಂತ ತಿಳಕೊಂಡಿದ್ನಿ.”

ಯುಗಾದಿಯೆಂದರೆ ನನ್ನ ಮೊದಲ ವರ್ಷದ ಪರೀಕ್ಷೆಗಿಂತ ಮೊದಲು. ಅಪ್ಪನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ನೀರು ಕೇಳಿದ ಹೆಂಗಸರಿಗೂ ಗೊತ್ತಿತ್ತು. ಧಾರವಾಡದ ಪರೀಕ್ಷೆಗೆ ತಯಾರಾಗುತ್ತಿದ್ದೇನೆ ಎಂದು ನಂಬಿಕೊಂಡು ಕೂತಿದ್ದವಳು ನಾನೊಬ್ಬಳೇ.

ನಾನು ಒಲ್ಲೆ ಎಂದೆ. ಕೂಗಾಡಲಿಲ್ಲ, ಅಳಲಿಲ್ಲ. ಮದುವೆ ಒಲ್ಲೆ, ಧಾರವಾಡಕ್ಕೆ ಹೋಗುತ್ತೇನೆ ಎಂದು ಎರಡು ಸಲ ಹೇಳಿದೆ. ಮಾಮಾ ಎದ್ದು, ಬೆಳಗಿನಿಂದ ಹರವಿಯೇ ಇದ್ದ ನಕಾಶೆಯನ್ನು ಸುರುಳಿ ಸುತ್ತಿದರು. ಮಾಮಿ ಒಳಗೆ ಹೋಗಿ, ನನಗಾಗಿ ಕಟ್ಟಿಟ್ಟಿದ್ದ ಶ್ಯಾವಿಗೆಯ ಗಂಟನ್ನು ತಂದು ಬಾಗಿಲ ಬಳಿ ಇಟ್ಟು ಮತ್ತೆ ಒಳಗೆ ಹೋದರು.

ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕದಲ್ಲಿ ಕೂರಲಿಲ್ಲ. ಧುಪದಾಳದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದು ನೆರಳು ಹುಡುಕಿದೆವು. ಅಲ್ಲಿ ಅವ್ವ ಮೊದಲ ಸಲ ಬಾಯಿ ತೆಗೆದಳು. “ನನ್ನ ತವರಮನಿ ಬಾಗಲಾ ಮುಚ್ಚಿಸಿದಿ,” ಎಂದಳು. “ನಿನ್ನ ರಾಜರ ಕಥಿ ನಿನಗ ಊಟಕ್ಕ ಹಾಕತಾವೇನು ನೋಡೋಣು.” ನಾನು ಅಲ್ಲಿಯ ಅಣೆಕಟ್ಟಿನಲ್ಲಿ ನಿಂತ ನೀರನ್ನು ನೋಡುತ್ತ ಕೂತೆ. ಅವ್ವನದೂ ಸುಳ್ಳಲ್ಲ. ಆಮೇಲೆ ವರ್ಷಗಟ್ಟಲೆ ಹುಕ್ಕೇರಿಯಿಂದ ಯಾವ ಹಬ್ಬಕ್ಕೂ ಕರೆ ಬರಲಿಲ್ಲ. ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಾಗ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತ ಕೂರುತ್ತಿದ್ದಳು.

ಜೂನ್ ಬಂತು. ನಾನು ಟ್ರಂಕು ತಯಾರು ಮಾಡಿಕೊಂಡಿದ್ದೆ. ಒಂದು ಬೆಳಿಗ್ಗೆ ಅಪ್ಪ ಅಂಗಡಿಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು, ಧಾರವಾಡ ಬೇಡ ಎಂದರು. ಯಾಕೆಂದು ಕೇಳಿದೆ.

“ಆ ಹುಡುಗ ಅಲ್ಲೇ ಇರತಾನ, ಅದ ಕ್ಲಾಸಿನ್ಯಾಗ. ಲಗ್ನಾ ಒಲ್ಲೆ ಅಂದಾಕಿ ಅವನ ಬಾಜೂ ಕುಂತ ಕಲಿಯಾಕತ್ತಾಳ ಅಂದ್ರ ಮಂದಿ ಏನಂದಾರು?”

ಗೋಕಾಕದಲ್ಲೇ ಬೇರೆ ವಿಷಯ ತೆಗೆದುಕೊಂಡು ಮುಗಿಸುತ್ತೇನೆ ಎಂದೆ. ಅದಕ್ಕೂ ಒಪ್ಪಲಿಲ್ಲ. ಗಿರಾಕಿಗಳ ಮುಂದೆ ನನ್ನ ಬಗ್ಗೆ ಜಂಬದಿಂದ ಹೇಳಿಕೊಳ್ಳುತ್ತಿದ್ದ ಅಪ್ಪ ಈಗ ಅವರಿಗೆ ಏನು ಹೇಳುತ್ತಿದ್ದರೋ ತಿಳಿಯದು. ಬಂದ ಒಂದೆರಡು ಸಂಬಂಧಗಳು, ಹುಕ್ಕೇರಿಯ ಸುದ್ದಿ ಕೇಳಿ ಬಾಗಿಲಿಂದಲೇ ಹಿಂದೆ ಹೋದವು. ನನಗೆ ಅದರಿಂದ ನೋವಾಗಲಿಲ್ಲ, ಅಪ್ಪನಿಗಾಯಿತು. ಅವರಿಗಾಗಲಿ ಎಂದೇ ನಾನು ಸುಮ್ಮನಿದ್ದೆ.

ದೀಪಾವಳಿಗೆ ಮಾಮಾನ ಮಗ ಮೂಡಲಗಿಗೆ ಬಂದ. ಮನೆಯಲ್ಲಿ ಹೇಳದೆ ಬಂದಿದ್ದ. ಅವ್ವ ಅವನನ್ನು ಕಂಡು ಹಿಗ್ಗಿ, ಚಹಾಕ್ಕೆ ಹಾಲು ತರಲು ಹೊರಗೆ ಓಡಿದಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಚಕಲಿ ಕರಿಯುತ್ತಿದ್ದ ನನಗೆ ಸಂತೋಷದ ಸುದ್ದಿ ಕೊಡುವವನಂತೆ ಹೇಳಿದ. ಜೂನಿನಲ್ಲಿ ಪ್ರಾಧ್ಯಾಪಕರು ಅವನಿಗೆ ವಿಯೆನ್ನಾದ ಬಗ್ಗೆಯೇ ಕೇಳಿದರಂತೆ. ನಾನು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಇಂಗ್ಲಿಷಿಗೆ ತಿರುಗಿಸಿ ಹೇಳಿದನಂತೆ. ಇಷ್ಟು ಸ್ವಂತ ಬುದ್ಧಿಯ ಉತ್ತರ ಬಹಳ ವರ್ಷಗಳಿಂದ ಕೇಳಿರಲಿಲ್ಲ ಎಂದು ಅವರು ಎಲ್ಲರ ಮುಂದೆ ಬೆನ್ನು ತಟ್ಟಿದರಂತೆ.

“ನಿನಗ ತಿಳಸಬೇಕು ಅನಿಸ್ತು,” ಎಂದ.

ನಾನು ಝಾರಿ ಸೌಟಿನಿಂದ ಎಣ್ಣೆಯೊಳಗಿನ ಚಕಲಿ ಎತ್ತಿ ಬುಟ್ಟಿಗೆ ಹಾಕಿದೆ. ಅವನು ಹೋಗಲಿಲ್ಲ. ಸಂಕೋಚದಿಂದ, ಈಗ ತರಗತಿಯಲ್ಲಿ ರಷ್ಯಾದ ಪಾಠ ನಡೆದಿದೆ, ಜೀತದ ರೈತರನ್ನು ಬಿಡಿಸಿದರೂ ಅವರು ಯಾಕೆ ಬಡವರಾಗಿಯೇ ಉಳಿದರು ಎಂಬುದು ತಲೆಗೆ ಹೋಗುತ್ತಿಲ್ಲ ಎಂದ.

ಹೊರಗೆ ನಡೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಒಲೆಯ ಉರಿ ಸಣ್ಣ ಮಾಡಿ, ರಷ್ಯಾದ ಆ ಭಾಗವನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವನ ಮೇಲಿನ ಕರುಣೆಯಿಂದ ಅಲ್ಲ. ಜೂನಿನಿಂದ ಆ ದಿನದವರೆಗೆ ನನ್ನನ್ನು ಆ ವಿಷಯ ಕೇಳಿದ ಮನುಷ್ಯ ಅವನೊಬ್ಬನೇ. ಮಾತಾಡುತ್ತ ನನ್ನ ದನಿ ಏರಿತು, ಕೈ ಹಿಟ್ಟಿನಲ್ಲೇ ನಿಂತಿತು, ಎಣ್ಣೆಯಲ್ಲಿದ್ದ ಚಕಲಿ ಕಪ್ಪಾಯಿತು. ಅವನು ಕಣ್ಣು ಮುಚ್ಚಿ ಕೇಳಿದ. ಹೊರಡುವಾಗ, ತಾನು ಮನೆಯವರನ್ನು ಎದುರು ಹಾಕಿಕೊಂಡು ಆ ದಿನ ಏನಾದರೂ ಹೇಳಬೇಕಿತ್ತು ಎಂದ. ಹೌದು ಎಂದೆ. ಮತ್ತೆ ಬರಬೇಡ ಎಂದೂ ಹೇಳಿದೆ. ಅವನು ಬರಲಿಲ್ಲ.

ಅವನು ಮೊದಲ ದರ್ಜೆಯಲ್ಲಿ ಪಾಸಾದ. ನಿಪ್ಪಾಣಿ ಕಡೆಯ ಹುಡುಗಿಯನ್ನು ಮದುವೆಯಾದ. ಕಾಲೇಜೊಂದರಲ್ಲಿ ಇತಿಹಾಸದ ಲೆಕ್ಚರರ್ ಆದ. ಚೆನ್ನಾಗಿ ಪಾಠ ಮಾಡುತ್ತಾನೆ, ಕಥೆ ಹೇಳಿದ ಹಾಗೆ ಹೇಳುತ್ತಾನೆ ಎಂದು ಜನ ನನಗೇ ಬಂದು ಹೇಳುತ್ತಿದ್ದರು. ನಾನು ಹಟ ಹಿಡಿದು ಶಿಕ್ಷಕಿಯರ ಟ್ರೇನಿಂಗ್ ಮುಗಿಸಿ ಗೋಕಾಕ ಫಾಲ್ಸಿನ ಹತ್ತಿರ ಪ್ರಾಥಮಿಕ ಶಾಲೆ ಸೇರಿದೆ. ಗಿರಣಿ ಕೆಲಸಗಾರರ ಮಕ್ಕಳಿಗೆ ಮಗ್ಗಿ, ಕಾಗುಣಿತ ಹೇಳಿಕೊಟ್ಟೆ. ಆ ಮಕ್ಕಳ ಪಾಠದಲ್ಲಿ ಯುರೋಪು ಇರಲಿಲ್ಲ. ಮೊದಮೊದಲು ಸಿಕ್ಕ ಪುಸ್ತಕ ಓದುತ್ತಿದ್ದೆ. ಓದಿದ್ದನ್ನು ಯಾರ ಮುಂದಾದರೂ ಹೇಳಬೇಕೆನಿಸುತ್ತಿತ್ತು, ಹೇಳಲು ಯಾರೂ ಇರುತ್ತಿರಲಿಲ್ಲ, ಆಮೇಲೆ ಎದೆಯಲ್ಲಿ ಸಿಟ್ಟು ತುಂಬುತ್ತಿತ್ತು. ಕ್ರಮೇಣ ಓದುವುದನ್ನೇ ಬಿಟ್ಟೆ.

ಮಾಮಾನಿಗೆ ಲಕ್ವಾ ಹೊಡೆದ ಸುದ್ದಿ ಬಂದಾಗ ಕರೆಯದಿದ್ದರೂ ಅವ್ವ ಹೊರಟಳು. ಜೊತೆಗೆ ನಾನೂ ಹೋದೆ. ಅದೇ ಪಡಸಾಲೆಯಲ್ಲಿ ಅವರನ್ನು ಮಂಚದ ಮೇಲೆ ಮಲಗಿಸಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು, ಆದರೆ ಕಣ್ಣು ಮೊದಲಿನಂತೆಯೇ ಇತ್ತು. ಅವ್ವ ಕಾಲ ಬಳಿ ಕೂತು ಅತ್ತಳು. ಮಾಮಾ ನನ್ನನ್ನು ಹತ್ತಿರ ಕರೆದು, ಈಗ ಏನು ಓದುತ್ತಿದ್ದೀ ಎಂದು ಕೇಳಿದರು.

ಏನೂ ಓದುವುದಿಲ್ಲ ಎಂದೆ.

ಅವರು ಒಂದೊಂದೇ ಶಬ್ದ ಕೂಡಿಸಿ ಹೇಳಿದರು: “ನಿನ್ನ ಧಾರವಾಡಕ್ಕ ಕಳಸಬೇಕಿತ್ತು. ನಾ ಒಂದ ಮಾತ ನಿಮ್ಮಪ್ಪಗ ಹೇಳಿದ್ರ ಕಳಸತಿದ್ದ. ಹೇಳಲಿಲ್ಲ ನಾ.”

ಈ ಮಾತನ್ನು ಅವರ ಬಾಯಿಂದ ಕೇಳಬೇಕೆಂದು ನಾನು ಎಷ್ಟೋ ವರ್ಷ ಬಯಸಿದ್ದೆ. ಕೇಳಿದಾಗ ಏನೂ ಆಗಲಿಲ್ಲ. ಬಸ್ಸು ಹೋದ ಮೇಲೆ ಬಸ್ಸಿನ ಹೊತ್ತು ತಿಳಿಸಿದ ಹಾಗಿತ್ತು. ಮಾಮಿ ಮಂಚದ ಆಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು, ಇರಲಿ ಬಿಡ್ರಿ ಮಾಮಾ ಎಂದು ನಾನು ಹೇಳಲೆಂದು. ಅವ್ವನೂ ಅಳು ನಿಲ್ಲಿಸಿ ಕಾಯುತ್ತಿದ್ದಳು.

“ಹೌದ್ರಿ, ಹೇಳಬೇಕಿತ್ತು ನೀವು,” ಎಂದೆ. ಅವರ ತಲೆದಿಂಬು ಸರಿಮಾಡಿ, ಕೆಳಗೆ ಜಾರಿದ್ದ ಹೊದಿಕೆ ಎಳೆದು ಹೊದಿಸಿ, ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.