ಸುಜಾತಾ ಮೇಡಂ ಅವರ ಕ್ಯಾಲ್ಕುಲೇಟರು ಮತ್ತು ಒಂದು ಗುಂಡುಸೂಜಿ

ಹುಬ್ಬಳ್ಳಿ-ಧಾರವಾಡದಲ್ಲಿ ಭೂಮಾಪನ ಕಲಿಸಿದವರನ್ನು ನೆನೆಯುವಾಗ ಶ್ರೀಮತಿ ಸುಜಾತಾ ಹಾದಿಮನಿ ಅವರ ಹೆಸರು ಮೊದಲ ಸಾಲಿನಲ್ಲಿರಬೇಕು. ಇರುವುದಿಲ್ಲ ಎಂಬುದೂ ಅಷ್ಟೇ ನಿಜ. ಪಾಲಿಟೆಕ್ನಿಕ್ಕಿನ ಸಿವಿಲ್ ವಿಭಾಗದಲ್ಲಿ ಆಯುಷ್ಯವನ್ನೇ ಸವೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರಿಗೆ ಈ ಅಭಿನಂದನ ಗ್ರಂಥ ಅರ್ಪಿತವಾಗುತ್ತಿದೆ. ಲೇಖನ ಸಿಹಿಯಾಗಿರಲಿ ಎಂದು ಸಂಪಾದಕ ಮಂಡಳಿ ಸೂಚಿಸಿದೆ. ಕೈಲಾದಷ್ಟು ಪ್ರಯತ್ನಿಸಲಾಗಿದೆ.

ಬೆಂಗೇರಿಯ ರಾಮಪ್ಪ-ಶೇವಂತೆವ್ವ ದಂಪತಿಗಳ ಮಗಳಾದ ಅವರು ಸೇವೆಗೆ ಸೇರಿದಾಗ, ಹೆಣ್ಣುಮಗಳು ಬಿಸಿಲಲ್ಲಿ ಅಳತೆ ಯಂತ್ರದ ಮುಕ್ಕಾಲಿ ಹೊತ್ತಾಳೆಯೇ ಎಂದು ಮೂಗು ಮುರಿದವರಿದ್ದರು. ಅವರು ಮುಕ್ಕಾಲಿಯನ್ನೂ ಹೊತ್ತರು, ಮುರಿದ ಮೂಗುಗಳನ್ನೂ ಸಹಿಸಿದರು. ಪ್ರಯೋಗಪಾಠಗಳನ್ನೆಲ್ಲ ತಾವೇ ಬರೆದುಕೊಟ್ಟರು. ಅವು ಪುಸ್ತಕವಾಗಿ ಅಚ್ಚಾದಾಗ ಮುಖಪುಟದ ಮೇಲೆ ಮಾನ್ಯ ವಿಭಾಗ ಮುಖ್ಯಸ್ಥರಾದ ಶ್ರೀ ಶಿವಯೋಗೀಶ ಅವರ ಹೆಸರಿತ್ತು. ಮೇಡಂ ಹೆಸರು ಒಳಗೆ, ಬೆರಳಚ್ಚು ಮಾಡಿದವರ ಹೆಸರಿನ ಕೆಳಗೆ, ಕೃತಜ್ಞತೆಯ ಸಾಲಿನಲ್ಲಿತ್ತು. ಅಂದಿನಿಂದ ಅವರು ಕಾಗದವನ್ನು ನಂಬಲಿಲ್ಲ. ನಂಬಿದ್ದು ತಮ್ಮ ಪ್ರೋಗ್ರಾಂ ಬರೆಯಬಲ್ಲ ಕ್ಯಾಲ್ಕುಲೇಟರನ್ನು ಮಾತ್ರ.

ನಮ್ಮ ಎರೆಮಣ್ಣಿನ ಗುಣ ಎಲ್ಲರಿಗೂ ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಳತೆಗೆಂದು ನೆಟ್ಟ ಗೂಟ ನೆಟ್ಟಲ್ಲಿ ನಿಲ್ಲುವುದಿಲ್ಲ. ರಾಯಾಪುರದ ಬಯಲಿನಲ್ಲಿ ಪ್ರತಿವರ್ಷ ನಡೆಯುವ ವಿದ್ಯಾರ್ಥಿ ಶಿಬಿರದಲ್ಲಿ ಒಂದೊಂದು ಗೂಟವೂ ಎಷ್ಟು ಸರಿಯಿತೆಂದು ಮೇಡಂ ಆ ಯಂತ್ರದಲ್ಲಿ ಕೂಡಿಡುತ್ತ ಬಂದರು. ಇಪ್ಪತ್ತು ವರ್ಷಗಳ ಅಳತೆಯ ಬಲದಿಂದ, ಈ ವರ್ಷ ಯಾವ ಗೂಟವನ್ನು ನಂಬಬಾರದೆಂದು ಹೇಳುವ ಪ್ರೋಗ್ರಾಂ ಕಟ್ಟಿದರು. ಶಿಬಿರದ ಹಾಳೆಗಳು ವರ್ಷ ವರ್ಷವೂ ರದ್ದಿಗೆ ಹೋದವು. ಆ ಅಳತೆಗಳು ಮತ್ತೆಲ್ಲೂ ಉಳಿಯಲಿಲ್ಲ.

ಒಮ್ಮೆ ಶಿಬಿರದಲ್ಲಿ ಹುಲಗೇಶನೆಂಬ ವಿದ್ಯಾರ್ಥಿಯ ಕ್ಯಾಲ್ಕುಲೇಟರು ಅಂಥದೇ ಕೆಲಸದ ನಡುವೆ ಯಾವ ಗುಂಡಿಗೂ ಜಗ್ಗದೆ ನಿಂತುಬಿಟ್ಟಿತು. ಹಿಂಬದಿಯ ಸಣ್ಣ ತೂತಿಗೆ ಗುಂಡುಸೂಜಿ ಚುಚ್ಚಲು ಹೊರಟ ಅವನ ಕೈಯನ್ನು ಮೇಡಂ ಹಿಡಿದರು.

"ಸೂಜಿ ಚುಚ್ಚಿದ್ರ ಎಚ್ಚರ ಆಗತೈತಪಾ, ಆದ್ರ ಎಲ್ಲಾ ಮರತಬಿಡತೈತಿ. ದೊಡ್ಡ ಸೆಲ್ ಅಷ್ಟ ತಗಿ. ನೆನಪು ಕಾಯೂ ಸಣ್ಣ ಸೆಲ್ ಮುಟ್ಟಬ್ಯಾಡ. ಸ್ವಲ್ಪ ಉಸರ ತಗೊಳ್ಳಿ ಅದು."

ಸ್ವಲ್ಪ ಹೊತ್ತು ಬಿಟ್ಟು ಸೆಲ್ಲು ಹಾಕಿದಾಗ ಅವನ ಲೆಕ್ಕವೆಲ್ಲ ಇದ್ದ ಹಾಗೇ ಇತ್ತು. ವಿಭಾಗದ ಎಲ್ಲರಿಗೂ ಮೇಡಂ ಈ ಪಾಠ ಹೇಳಿದ್ದರು. ಕೇಳಿಸಿಕೊಂಡವರು ವಿದ್ಯಾರ್ಥಿಗಳು ಮಾತ್ರ.

ಕಳೆದ ನವರಾತ್ರಿಯ ಹೊತ್ತಿಗೆ ಅವರ ವಿಧಾನವನ್ನು ನೋಡಲು ಬೆಂಗಳೂರಿನಿಂದ ತಜ್ಞರು ಬರುವವರಿದ್ದರು. ಒಪ್ಪಿಗೆಯಾದರೆ ಅದು ಅವರದೇ ಹೆಸರಿನಲ್ಲಿ ಎಲ್ಲ ಪಾಲಿಟೆಕ್ನಿಕ್ಕುಗಳ ಪಾಠವಾಗುತ್ತಿತ್ತು. ಸೇವೆಯಲ್ಲಿ ಅವರು ಬಯಸಿದ್ದು ಇದೊಂದನ್ನೇ. ಹಬ್ಬದ ರಜೆಗೆ ಮುನ್ನ ವಿಭಾಗದ ಉಪಕರಣಗಳಿಗೆ ಖಂಡೆ ಪೂಜೆ ನಡೆದ ದಿನ ಅವರು ಮೌಲ್ಯಮಾಪನಕ್ಕೆಂದು ಧಾರವಾಡಕ್ಕೆ ಹೋಗಿದ್ದರು. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರನ್ನು ಪೂಜೆಗೆ ಕರೆಯುವ ರೂಢಿ ವಿಭಾಗದಲ್ಲಿ ಇರಲಿಲ್ಲ. ಅವರ ಯಂತ್ರಕ್ಕೆ ಮಾತ್ರ ಆ ದಿನ ಕರೆ ಬಂತು. ಒಂದೂ ಉಪಕರಣ ಪೂಜೆ ತಪ್ಪಬಾರದೆಂದು ಮುಖ್ಯಸ್ಥರು ಅವರ ಡ್ರಾವರಿನಿಂದ ಕ್ಯಾಲ್ಕುಲೇಟರನ್ನು ತೆಗೆದು, ವಿಭೂತಿ ಬಳಿದು, ಹಸಿ ಕುಂಕುಮ ಹಚ್ಚಿ, ತೀರ್ಥವನ್ನೂ ಚಿಮುಕಿಸಿದರು. ಗುಂಡಿಗಳ ಸಂದಿಗೆ ನೀರಿಳಿದು ಯಂತ್ರ ಸ್ತಬ್ಧವಾಯಿತು. ಆಗ ಅವರೇ ಗುಂಡುಸೂಜಿ ತಂದರು.

ರಜೆ ಮುಗಿಸಿ ಮೇಡಂ ಬಂದಾಗ ಮುಖ್ಯಸ್ಥರು ಬೀಗುತ್ತ ಹೇಳಿದರು: "ನೋಡ್ರಿ ಮೇಡಮ್ಮರ, ಸತ್ತಂಗ ಬಿದ್ದಿತ್ತು, ನಾನ ಬದುಕಿಸೇನಿ. ಈಗ ಹೊಸಾದಾಂಗ ಆಗೇತಿ."

ಮೇಡಂ ಒಂದೊಂದೇ ಗುಂಡಿ ಒತ್ತಿ ನೋಡಿದರು. "ಹೊಸಾದಾಂಗ ಅಲ್ರಿ ಸರ್, ಹೊಸಾದ ಆಗೇತಿ. ಇದರಾಗ ಏನೂ ಉಳದಿಲ್ಲ."

"ಅಯ್ಯ, ಹಾಳಿಮ್ಯಾಲ ಬರದಿಡಬೇಕಿತ್ತಲ್ರಿ!"

"ಬರದಿದ್ದೆನಲ್ರಿ ಒಮ್ಮಿ. ಯಾರ ಹೆಸರಿಗಾತು ಅದು?"

ತಜ್ಞರು ಬಂದರು, ಚಹಾ ಕುಡಿದರು, ಅಳತೆಗಳನ್ನು ಕೇಳಿದರು, ಇಲ್ಲವೆಂದಾಗ ಸೌಜನ್ಯದಿಂದ ಎದ್ದು ಹೋದರು. ಪ್ರೋಗ್ರಾಮನ್ನು ಮೇಡಂ ನೆನಪಿನಿಂದಲೇ ಮತ್ತೆ ಬರೆದರು. ಗೂಟಗಳ ಇಪ್ಪತ್ತು ವರ್ಷವನ್ನು ಯಾರ ನೆನಪು ಹಿಡಿದಿಟ್ಟೀತು? ಅಳಿದದ್ದು ಅಳಿದೇ ಹೋಯಿತು. ಅದನ್ನು ಸಿಹಿ ಮಾಡಿ ಹೇಳುವ ಮಾತು ಕನ್ನಡದಲ್ಲಿಲ್ಲ.

ಶ್ರೀ ಶಿವಯೋಗೀಶ ಅವರೇ ಅಧ್ಯಕ್ಷರಾಗಿರುವ ಅಭಿನಂದನ ಸಮಿತಿಯು ಆ ಕ್ಯಾಲ್ಕುಲೇಟರನ್ನು ಮೇಡಂ ಡ್ರಾವರಿನಿಂದಲೇ ತರಿಸಿಕೊಂಡು, ಗಾಜಿನ ಚೌಕಟ್ಟಿನಲ್ಲಿರಿಸಿ ಸಮಾರಂಭದಲ್ಲಿ ಅರ್ಪಿಸಲು ನಿರ್ಧರಿಸಿದೆ. ಒಪ್ಪಿಗೆ ಕೇಳಲು ಹೋದವರಿಗೆ ಮೇಡಂ ಹೇಳಿದ್ದಿಷ್ಟು: "ಚೌಕಟ್ಟ ಬ್ಯಾಡ್ರಿ, ಹಂಗ ಕೊಡ್ರಿ. ಕುಂಕುಮಾ ಹಚ್ಚಬ್ಯಾಡ್ರಿ. ಬರೂ ಶಿಬಿರಕ್ಕ ಬೇಕಾಗೇತಿ."

ಅವರು ಮತ್ತೆ ರಾಯಾಪುರಕ್ಕೆ ಹೋಗುವವರಿದ್ದಾರೆ, ಮೊದಲ ಗೂಟದ ಮೊದಲ ಅಳತೆಯಿಂದ. ಅಳಿದದ್ದು ಮತ್ತೆ ಕೂಡಿಬರಲು ಇನ್ನೂ ಇಪ್ಪತ್ತು ವರ್ಷ ಬೇಕು. ಆದ್ದರಿಂದ ಅವರಿಗೆ ದೀರ್ಘಾಯುಷ್ಯವನ್ನೂ ಗಟ್ಟಿ ಕಾಲುಗಳನ್ನೂ ಕೋರುವುದು ಇಲ್ಲಿ ಸಮಾರಂಭದ ಮಾತಲ್ಲ. ನಾವು ಅವರಿಂದ ಕಿತ್ತುಕೊಂಡದ್ದು ಆಯುಷ್ಯದ ಆ ಇಪ್ಪತ್ತು ವರ್ಷಗಳನ್ನೇ.