ಬೋಳುಬೆಟ್ಟದ ಮೂರು ಕಲ್ಲು

ಹೆಗ್ಗದ್ದೆ ಊರು ದಾಟಿ ಒಳಗೆ ಬಂದರೆ ನಾನು ಅಡುಗೆ ಮಾಡುವ ಹೋಂಸ್ಟೇ ಸಿಗುತ್ತದೆ. ಹಿಂದೆ ಇಂಗ್ಲಿಷ್ ದೊರೆಗಳ ಎಸ್ಟೇಟ್ ಬಂಗಲೆಯಂತೆ. ಬಂದವರು ಅಕ್ಕಿರೊಟ್ಟಿ ಮುರಿಯುವ ಮೊದಲೇ ಕೇಳುತ್ತಾರೆ, ಹತ್ತಿರ ನೋಡುವಂಥದ್ದು ಏನಿದೆ? ನಾನು ಗಿಣಿಪಾಠ ಒಪ್ಪಿಸುತ್ತೇನೆ: ಕೆಳಗೆ ನೀರು ಧುಮುಕುವ ಅಬ್ಬಿ, ತೋಟದ ಮೂಲೆಯಲ್ಲಿ ದೊರೆಗಳ ಸಮಾಧಿ, ಹಿಂದೆ ಬೋಳುಬೆಟ್ಟ.

ಸಮಾಧಿಗಳಲ್ಲಿ ಒಂದು ಕೂಸಿನದು. ಸುತ್ತ ಕಬ್ಬಿಣದ ಬೇಲಿ, ಕಲ್ಲಿನ ಮೇಲೆ ಹೆಸರು. ಜನ ಅದರ ಮುಂದೆ ನಿಂತು ‘ಅಯ್ಯೋ ಪಾಪ’ ಎನ್ನುವಾಗ ನನಗೆ ಹೊಟ್ಟೆ ಉರಿಯುತ್ತದೆ. ಸತ್ತ ಕೂಸಿನ ಮೇಲೂ ಹೊಟ್ಟೆಕಿಚ್ಚು ಪಡುವವಳು ನಾನು.

ನನ್ನ ಮಗಳು ಹೆಸರಿಡುವ ಮೊದಲೇ ಹೋದಳು. ಹಲ್ಲು ಬಾರದ ಮಕ್ಕಳನ್ನು ನಮ್ಮವರು ಸುಡುವುದಿಲ್ಲ. ಬೋಳುಬೆಟ್ಟದಲ್ಲಿ ಹೂತು, ನರಿ ಕೆದಕದಂತೆ ಮೂರು ಕಲ್ಲು ಹೇರಿ ಬರುತ್ತಾರೆ. ನಮ್ಮ ಬಚ್ಚಲ ಬಾಗಿಲಲ್ಲಿದ್ದ ಬಿಳಿ ಗೆರೆಯ ಕಲ್ಲನ್ನೂ ಗಂಡ ಹೊತ್ತುಕೊಂಡು ಹೋಗಿದ್ದರು. ನಾನೂ ಹೊರಟಾಗ ಅತ್ತೆ ತಡೆದರು.

“ಹೆತ್ತೋಳು ಅಲ್ಲಿಗೆ ಹೋಗ್ಬಾರ್ದು ಕಣವ್ವ. ಮುಂದಿನ ಮಕ್ಳು ನಿಲ್ಲಾಕಿಲ್ಲ.”

ಹೋಗಲಿಲ್ಲ. ಮುಂದೆ ಮಕ್ಕಳೂ ಆಗಲಿಲ್ಲ.

ಈಗ ಗಂಡ ಅದೇ ಬೆಟ್ಟಕ್ಕೆ ಜೀಪಿನಲ್ಲಿ ಜನರನ್ನು ಕರೆದೊಯ್ಯುತ್ತಾರೆ. ದಾರಿ ಮುಗಿಯುವಲ್ಲಿ ನಿಲ್ಲಿಸಿ, ಮೇಲೆ ಹತ್ತದೆ ಜೀಪಿನಲ್ಲೇ ಕೂರುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ತಂಡ ಮೇಲೆ ಕೋಳಿ ಸುಟ್ಟು ತಿಂದು ಬಂತು. ಒಬ್ಬಳು ಖುಷಿಯಿಂದ ಮೊಬೈಲಿನಲ್ಲಿ ಫೋಟೊ ತೋರಿಸಿದಳು. ಮೂರು ಕಲ್ಲಿನ ಒಲೆ. ಮುಂದಿನ ಕಲ್ಲಿಗೆ ಬಿಳಿ ಗೆರೆ.

ಅಡುಗೆಮನೆಯಲ್ಲಿ ಒಲೆಯ ಮೇಲಿದ್ದ ಸಾರು ಸೀದುಹೋಯಿತು. ಗಂಡನನ್ನು ಎಳೆದುಕೊಂಡು ಬೆಟ್ಟ ಹತ್ತಿದೆ. ಗಾಳಿಗೆ ಮರೆಯಾದ ಬಂಡೆಯ ಬುಡದಲ್ಲಿ ಕಲ್ಲುಗಳು ಮಸಿ ಹಿಡಿದು ಕೂತಿದ್ದವು, ಸುತ್ತ ಕೋಳಿಯ ಮೂಳೆ. ಸೆರಗಿನಿಂದ ಎಷ್ಟು ಉಜ್ಜಿದರೂ ಮಸಿ ಹೋಗಲಿಲ್ಲ. ಗಂಡ ಬಿಳಿ ಗೆರೆಯ ಕಲ್ಲನ್ನು ಎದೆಗವಚಿಕೊಂಡು, ಅದು ಮೊದಲಿದ್ದ ಜಾಗ ಹುಡುಕುತ್ತ ಹುಲ್ಲಿನಲ್ಲಿ ನಡೆದರು.

“ಇಲ್ಲೇ ಕಣೆ,” ಎಂದು ಇಟ್ಟರು. ಮತ್ತೆ ಎತ್ತಿದರು. “ಅಲ್ಲ, ಆ ಕಡೆಗಿತ್ತೇನೋ.”

“ನೀವೇ ಅಲ್ವೇನ್ರೀ ಮಣ್ಣು ಮಾಡಿದ್ದು!” ಎಂದು ಕಿರುಚಿದೆ.

“ಹುಲ್ಲು ಎಲ್ಲಾ ಕಡೆನೂ ಒಂದೇ ತರ ಐತೆ ಕಣೆ,” ಎಂದು ಅವರು ಕಲ್ಲಿನ ಪಕ್ಕದಲ್ಲೇ ಕುಸಿದು ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೊನ್ನೆ ಬಂದವರೊಬ್ಬರು, ಬೋಳುಬೆಟ್ಟದ ಮೇಲೆ ಏನಿದೆ ಎಂದು ಕೇಳಿದರು. ನನ್ನ ಮಗಳಿದ್ದಾಳೆ ಎನ್ನಲು ಬಾಯಿ ತೆರೆದೆ. ಎಲ್ಲಿ ಎಂದು ಕೇಳಿದರೆ ತೋರಿಸುವುದೇನನ್ನು? ಏನೂ ಇಲ್ಲ, ಬರೀ ಹುಲ್ಲು ಎಂದೆ.